ಹದಿನಾಲ್ಕನೇ ಚಿತ್ರಪಟ

ಮಡಕೆ ಚೂರನ್ನು ತಿರುವಿ ಒಳಮೈಗೆ ಹೆಬ್ಬೆರಳು ಒತ್ತಿದ ಕೂಡಲೇ ನಕ್ಷೆಗಾರ್ತಿಗೆ ಗೊತ್ತಾಗಿಹೋಯಿತು, ಇದು ಹಳೆಯ ಪರಿಚಯ. ಅಂಚಿನಿಂದ ಒಂದು ಬೆರಳು ಕೆಳಗೆ, ಮಣ್ಣು ಇನ್ನೂ ಹಸಿಯಿದ್ದಾಗ ಯಾವನೋ ಕುಂಬಾರ ಒತ್ತಿಬಿಟ್ಟ ತಗ್ಗು. ಒಂಬತ್ತು ವರ್ಷದ ಹಿಂದೆ ಹೇಗೆ ಕೂತಿತ್ತೋ ಹಾಗೇ ಅವಳ ಬೆರಳು ಅದರಲ್ಲಿ ಕೂತಿತು.

ಮೇಜಿನ ದೀಪವನ್ನು ಹತ್ತಿರ ಎಳೆದುಕೊಂಡಳು. ಹೊರಮೈಯಲ್ಲಿ ಅಚ್ಚೊತ್ತಿದ ಎಲೆ; ಅದರ ಎಡಗಡೆಯ ಎರಡನೇ ನರ ಅರ್ಧಕ್ಕೇ ನಿಂತಿದೆ. ಅಂಚಿನಲ್ಲಿ ಮೂರು ಕಚ್ಚು, ನಡುವಿನದು ಸೊಟ್ಟ. ಇಟ್ಟಿಗೆ ಗೂಡಿನ ಬಳಿಯ ಗುಂಡಿಯಲ್ಲಿ, ತೀರಾ ಮೇಲಿನ ಪದರದಲ್ಲಿ ಸಿಕ್ಕಿದ್ದ ಚೂರು ಇದು. ಆದರೆ ಜೊತೆಗೆ ಬಂದ ಚೀಟಿ ಬೇರೆ ಕಥೆ ಹೇಳುತ್ತಿತ್ತು: ‘ಗಿರಣಿ ಹಿಂದಿನ ಗುಂಡಿ. ಐದನೇ ಪದರ, ತಳ.’ ಅದರ ಕೆಳಗೆ ಪುರಾತತ್ವ ಸಂಘದ ಅಧ್ಯಕ್ಷರ ಕೈಬರಹ: ‘ತುರ್ತು. ಬಹಳ ಮುಖ್ಯ. ನೀಟಾಗಿ ಬರೆಯಿರಿ.’

ಸಂಘದಲ್ಲಿ ಒಂದು ಪದ್ಧತಿಯಿತ್ತು. ಸಿಕ್ಕ ಪ್ರತಿ ಚೂರಿನ ಒಳಮೈಗೆ ಬಣ್ಣವಿಲ್ಲದ ಉಗುರುಪಾಲಿಶ್ ಒಂದು ಹನಿ ಬಳಿದು, ಅದು ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ಗುಂಡಿ, ಪದರ, ಸಂಖ್ಯೆ ಬರೆಯಬೇಕು. ಈ ಚೂರಿನ ಮೇಲೆ ಹನಿ ಇದ್ದ ಜಾಗದಲ್ಲಿ ಉಜ್ಜಿದ ಗುರುತು ಮಾತ್ರ ಉಳಿದಿತ್ತು. ಹೇಗಾಯಿತೆಂದು ಅವಳಿಗೆ ತಟ್ಟನೆ ಹೊಳೆಯಿತು. ಹೋದ ತಿಂಗಳ ಪ್ರದರ್ಶನಕ್ಕೆಂದು, ಸಂಘದ ಕಾರ್ಯದರ್ಶಿಯಾದ ಹಲ್ಲಿನ ಡಾಕ್ಟರು ಹಳೆಯ ಚೂರುಗಳನ್ನೆಲ್ಲ ಹೊಸ ಬ್ರಷ್ಷಿನಲ್ಲಿ ತಿಕ್ಕಿ ತೊಳೆದಿದ್ದರು. ರೋಗಿ ಕಿರುಚದಿದ್ದರೆ ಅವರ ಕೈಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಆ ಭಾನುವಾರ ಹಳೆಯವೂ ಗಿರಣಿ ಗುಂಡಿಯ ಹೊಸವೂ ಪಕ್ಕಪಕ್ಕದ ಪೇಪರಿನ ಮೇಲೆ ಒಣಗುತ್ತಿದ್ದವು. ಹೆಸರು ಕಳೆದುಕೊಂಡ ಒಂದು ಚೂರು ಪಕ್ಕದ ಮನೆ ಸೇರಿತ್ತು.

“ಅಕ್ಕಾ, ಊಟಕ್ಕೆ ಬರ್ತೀಯಾ, ಇಲ್ಲಾ ಆ ಚೂರಲ್ಲೇ ಬಡಿಸ್ಲಾ?” ತಂಗಿ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸ ಅವಳದು. ದಿನಕ್ಕೆ ಇನ್ನೂರು ದನಿ ಕೇಳುತ್ತಾಳೆ, ಸಂಜೆ ಅದರಲ್ಲಿ ಹತ್ತನ್ನಾದರೂ ಮನೆಗೆ ತರುತ್ತಾಳೆ.

“ಇದು ಗಿರಣಿ ಹಿಂದೆ ಸಿಕ್ಕಿದ್ದಲ್ಲ ಕಣೇ. ಇಟ್ಟಿಗೆ ಗೂಡಿಂದು. ಬೇರೆ ತಟ್ಟೆಗೆ ಸೇರ್ಕೊಂಡಿದೆ. ಆ ಮಹಾನುಭಾವ ಇದನ್ನ ತಳದ ಪದರದ್ದು ಅಂತ ನಂಬಿಕೊಂಡು, ಊರಿನ ವಯಸ್ಸನ್ನ ಆರುನೂರು ವರ್ಷ ಹಿಂದಕ್ಕೆ ಎಳೆಯೋಕೆ ಹೊರಟಿದಾನೆ.”

ತಂಗಿ ಗಲ್ಲವನ್ನು ಕೊರಳಿಗೆ ಒತ್ತಿಕೊಂಡಳು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದಳು. ಅಧ್ಯಕ್ಷರು ಕೋಣೆಯೊಳಗೆ ಬಂದು ನಿಂತಂತಾಯಿತು. “ಪದರಗಳು ಸುಳ್ಳು ಹೇಳೋದಿಲ್ಲ, ಅಮ್ಮಾ! ಪ್ರಶ್ನೆ ಇದ್ಯಾ? ಜೋರಾಗಿ, ಜೋರಾಗಿ! ಹಿಂದಿನ ಸಾಲಿಗೆ ಕೇಳಿಸ್ಲಿ!” ಆಮೇಲೆ ತನ್ನ ದನಿಗೆ ಮರಳಿ, “ಪಾಪ ಪದರಪ್ಪ. ಫೋನ್ ಮಾಡಿ ಹೇಳ್ತೀಯಾ?”

ನಕ್ಷೆಗಾರ್ತಿ ಕಪಾಟಿನಿಂದ ಅಧ್ಯಕ್ಷರು ಬರೆದ ಪುಸ್ತಕ ತೆಗೆದಳು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕೊಳವೆಗಳ ನಕ್ಷೆ ಬರೆದವಳು ಅವಳು. ನಿವೃತ್ತಿಯ ಮರುವಾರವೇ ಸಂಘ ಸೇರಿದಳು. ಎರಡು ವರ್ಷ, ಒಂದು ಭಾನುವಾರವೂ ಬಿಡದೆ ಅರವತ್ತೆರಡು ಚಿತ್ರ ಬರೆದುಕೊಟ್ಟಳು. ಎಡಕ್ಕೆ ಚೂರಿನ ಸೀಳುನೋಟ, ಬಲಕ್ಕೆ ಹೊರಮೈ, ಚೂರು ಎಷ್ಟಿದೆಯೋ ಅಷ್ಟೇ ಅಳತೆಗೆ. ಪುಸ್ತಕ ಬಿಡುಗಡೆಯಾದ ದಿನ ಮೊದಲ ಸಾಲಿನಲ್ಲಿ ಕೂತು ಪುಟ ತಿರುವಿದರೆ, ‘ಬರಹ ಮತ್ತು ಚಿತ್ರಗಳು: ಲೇಖಕರು.’ ಕೃತಜ್ಞತೆಯ ಪುಟದಲ್ಲಿ ಹಲ್ಲುಜ್ಜುವ ಬ್ರಷ್ಷುಗಳಿಗೂ ಜಾಗವಿತ್ತು, ಅವಳಿಗೆ ಇರಲಿಲ್ಲ.

ಕೇಳಿದ್ದಳು. ಕೇಳದೆ ಬಿಟ್ಟಿರಲಿಲ್ಲ. ಅಧ್ಯಕ್ಷರು ಕೈಯಲ್ಲಿ ಹೂಗುಚ್ಛ ಹಿಡಿದೇ ನಕ್ಕಿದ್ದರು. “ಅಮ್ಮಾ, ಗೆರೆ ಎಳೆಯೋದು ಕೈ ಕೆಲಸ. ನೋಡೋದು ತಲೆ ಕೆಲಸ. ನಾನು ನೋಡಿದ್ದನ್ನ ನೀವು ಎಳೆದಿರಿ, ಅಷ್ಟೇ. ಪೆನ್ಸಿಲ್ಲು ತನ್ನ ಹೆಸರು ಹಾಕಿ ಅಂತ ಕೇಳುತ್ತಾ?” ಪಕ್ಕದಲ್ಲಿದ್ದ ನಾಲ್ಕು ಜನ ನಕ್ಕರು. ಆ ನಗುವನ್ನು ಅವಳು ಒಂಬತ್ತು ವರ್ಷ ಅದೇ ಅಳತೆಗೆ, ಒಂದು ಚುಕ್ಕೆಯೂ ತಪ್ಪದಂತೆ ಇಟ್ಟುಕೊಂಡಿದ್ದಳು.

“ಫೋನ್ ಮಾಡಲ್ಲ,” ಎಂದಳು. “ನೀಟಾಗಿ ಬರೀರಿ ಅಂದಿದಾರೆ. ನೀಟಾಗಿ ಬರೀತೀನಿ.”

ಬರೆದಳು. ಎರಡು ದಿನ ಹಿಡಿಯಿತು. ಅರ್ಧಕ್ಕೆ ನಿಂತ ನರ, ಸೊಟ್ಟ ಕಚ್ಚು, ಒಳಮೈಯ ತಗ್ಗಿಗೆ ಹನ್ನೊಂದು ಚುಕ್ಕೆ. ಇಷ್ಟು ಮನಸ್ಸಿಟ್ಟು ಅವಳು ಹಿಂದೆಂದೂ ಬರೆದಿರಲಿಲ್ಲ.

ಮುಂದಿನ ಐದು ತಿಂಗಳು ಅವಳು ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಗ್ರಂಥಾಲಯದ ಮಹಡಿ ಮೇಲಿನ ಉದ್ದ ಕೋಣೆ, ಪ್ರತಿ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ನಾಲ್ಕು. ಕಾಲು ಕುಂಟುವ ಕಬ್ಬಿಣದ ಕುರ್ಚಿಗಳು, ಸಕ್ಕರೆ ಜಾಸ್ತಿಯಾದ ಚಹಾ, ಗೋಡೆಯ ಮೇಲೆ ಹಳೆಯ ಅಧ್ಯಕ್ಷರುಗಳ ಫೋಟೋ. ಈಗಿನವರು ತಮ್ಮ ಫೋಟೋಗೂ ಒಂದು ಮೊಳೆ ಹೊಡೆಸಿಟ್ಟಿದ್ದರು. ಪ್ರತಿ ಸಭೆಯಲ್ಲೂ ಆ ಚೂರು ಒಂದಿಷ್ಟು ಬೆಳೆಯಿತು. ಮೊದಲ ತಿಂಗಳು ‘ಕುತೂಹಲದ ಸಂಗತಿ’, ಮೂರನೇ ತಿಂಗಳು ‘ಮಹತ್ವದ ಪುರಾವೆ’, ಐದನೆಯದಕ್ಕೆ ‘ಇತಿಹಾಸ ಹೊಸದಾಗಿ ಬರೆಯಬೇಕು’. ಪೇಪರಿನವನು ಬಂದು ಫೋಟೋ ತೆಗೆದುಕೊಂಡು ಹೋದ. ಸರ್ಕಾರಿ ಸಂಗ್ರಹಾಲಯದ ಅಧಿಕಾರಿಣಿ ವಾರ್ಷಿಕ ಉಪನ್ಯಾಸಕ್ಕೆ ಬರಲು ಒಪ್ಪಿದರು.

ಒಮ್ಮೆ ಮಾತ್ರ ಅವಳ ನಾಲಿಗೆ ತುದಿಗೆ ಬಂದಿತ್ತು. ಚಹಾ ಲೋಟ ಹಿಡಿದ ಹಲ್ಲಿನ ಡಾಕ್ಟರು ಪಕ್ಕದಲ್ಲಿ ಕೂತು, “ಮೇಡಂ, ಆ ಚೂರನ್ನ ತೊಳೆದಿದ್ದು ನಾನೇ ಗೊತ್ತಾ? ನನ್ನ ಮೊಮ್ಮಗಳಿಗೂ ಹೇಳಿದೀನಿ,” ಎಂದು ಸಂತೋಷದಿಂದ ಪಿಸುಗುಟ್ಟಿದಾಗ. ಅಷ್ಟರಲ್ಲಿ ಅಧ್ಯಕ್ಷರು ವೇದಿಕೆಯಿಂದಲೇ ಕೂಗಿದರು: “ಅಮ್ಮಾ, ಆ ಚಿತ್ರ ಇನ್ನೊಂದು ಪ್ರತಿ ಎಳೆದುಕೊಡಿ. ನಿಮಗೇನು, ಕೈ ಆಡಿಸಿದ್ರೆ ಆಯ್ತು!” ಅವಳು ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿಕೊಂಡಳು.

ಉಪನ್ಯಾಸದ ದಿನ ಕುರ್ಚಿ ಸಾಲದೆ ಕೆಳಗಿನಿಂದ ಬೆಂಚು ತರಿಸಿದರು. ತಂಗಿ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಅಧ್ಯಕ್ಷರು ಹೊಸ ಕೋಟಿನಲ್ಲಿ ನಲವತ್ತು ನಿಮಿಷ ಮಾತಾಡಿದರು, ಅದರಲ್ಲಿ ಇಪ್ಪತ್ತು ಆ ಎಲೆಯ ಬಗ್ಗೆ. ಪಕ್ಕದ ಹಲಗೆಗೆ ಅವಳ ಹೊಸ ಚಿತ್ರವನ್ನು ಗುಂಡುಸೂಜಿಯಲ್ಲಿ ಚುಚ್ಚಿದ್ದರು. “ಪದರಗಳು ಸುಳ್ಳು ಹೇಳೋದಿಲ್ಲ,” ಎಂದು ಮುಗಿಸಿದಾಗ ಚಪ್ಪಾಳೆ ಬಿತ್ತು. ಅವಳೂ ತಟ್ಟಿದಳು. ಆಮೇಲೆ ಎದ್ದು ನಿಂತಳು.

“ನಂದೊಂದು ಪ್ರಶ್ನೆ.”

“ಓಹೋ! ಕೇಳಿ ಅಮ್ಮಾ. ಸುಲಭದ್ದು ಕೇಳಿ ಮತ್ತೆ.” ಸಭೆ ನಕ್ಕಿತು.

“ಇಂಥ ಚೂರು ನೀವು ಮೊದಲು ಎಲ್ಲಾದ್ರೂ ನೋಡಿದ್ರಾ?”

“ನಲವತ್ತು ವರ್ಷದಲ್ಲಿ ನೋಡಿಲ್ಲ. ಅದೇ ತಾನೇ ಇದರ ಹಿರಿಮೆ!”

“ನಿಮ್ಮ ಪುಸ್ತಕದ ಚಿತ್ರಗಳನ್ನ ಬರೆದೋರು ಯಾರು ಸಾರ್?”

ಅಧ್ಯಕ್ಷರು ಅಧಿಕಾರಿಣಿಯ ಕಡೆ ನೋಡಿ ನಸುನಕ್ಕರು. “ಮೊದಲ ಪುಟದಲ್ಲೇ ಇದೆಯಲ್ಲ. ನಾನೇ.”

“ಸರಿ.” ಅವಳು ಚೀಲದಿಂದ ಪಾರದರ್ಶಕ ಹಾಳೆಯೊಂದನ್ನು ತೆಗೆದು ಹಲಗೆಯ ಹತ್ತಿರ ನಡೆದಳು. “ಇದು ಆ ಪುಸ್ತಕದ ಹದಿನಾಲ್ಕನೇ ಪಟ. ಇಟ್ಟಿಗೆ ಗೂಡಿನ ಗುಂಡಿ, ಮೇಲಿನ ಪದರ. ನಿನ್ನೆ ಈ ಹಾಳೆಗೆ ನಕಲು ತೆಗೆದುಕೊಂಡೆ.” ಹಾಳೆಯನ್ನು ಹೊಸ ಚಿತ್ರದ ಮೇಲಿಟ್ಟು ಒಂದು ಕೂದಲೆಳೆಯಷ್ಟು ಎಡಕ್ಕೆ ಸರಿಸಿದಳು. ಎಲೆ ಎಲೆಯೊಳಗೆ ಹೋಯಿತು. ಅರ್ಧ ನರ ಅರ್ಧ ನರದೊಳಗೆ, ಸೊಟ್ಟ ಕಚ್ಚು ಸೊಟ್ಟ ಕಚ್ಚಿನೊಳಗೆ. ಎರಡು ಚಿತ್ರ ಹೋಗಿ ಒಂದೇ ಉಳಿಯಿತು.

ಅಧಿಕಾರಿಣಿ ಎದ್ದು ಬಂದು ಹಾಳೆಯ ಮೇಲೆ ಬಗ್ಗಿದರು. ಚುಕ್ಕೆಗಳನ್ನು ಒಂದೊಂದಾಗಿ ನೋಡಿದರು. “ಇದೇ ಚೂರು,” ಎಂದರು.

ಹಲ್ಲಿನ ಡಾಕ್ಟರು ಅರ್ಧ ಎದ್ದರು. “ಅಯ್ಯೋ. ಪ್ರದರ್ಶನಕ್ಕೆ ಅಂತ ಎಲ್ಲಾ ಒಟ್ಟಿಗೆ ತೊಳೆದೆ. ನಂಬರ್ ನಾನೇ... ಬ್ರಷ್ಷು ಗಟ್ಟಿಯಿತ್ತು.” ಮತ್ತೆ ಕೂತರು.

ಅಧ್ಯಕ್ಷರು ನೀರು ಕುಡಿದರು. “ಒಂಬತ್ತು ವರ್ಷ ಆಯ್ತು. ಅರವತ್ತೆರಡು ಚಿತ್ರ. ಒಂದು ಚೂರು ಮರೆತಿರಬಹುದು, ಮನುಷ್ಯ ಸಹಜ...”

“ಮರೆಯೋಕೆ ಆಗಲ್ಲ ಸಾರ್,” ಎಂದಳು ನಕ್ಷೆಗಾರ್ತಿ. ದನಿ ಏರಿಸಲಿಲ್ಲ. “ಇದನ್ನ ಬರೆಯೋಕೆ ಎರಡು ದಿನ ಬೇಕು. ಎರಡು ದಿನ ಬೆರಳು ಈ ತಗ್ಗಲ್ಲೇ ಇರುತ್ತೆ. ಬರೆದ ಕೈಗೆ ಗೊತ್ತಾಗುತ್ತೆ. ಪುಸ್ತಕದ್ದು ನೀವೇ ಬರೆದಿದ್ರೆ, ಇದು ಗೂಡಿನ ಚೂರು ಅಂತ ಗೊತ್ತಿದ್ದೂ ಗಿರಣಿ ಹಿಂದೆ ಸಿಕ್ತು ಅಂದಿರಿ. ಗೊತ್ತೇ ಇರಲಿಲ್ಲ ಅಂದ್ರೆ, ನೀವು ಬರೆದಿಲ್ಲ. ಎರಡರಲ್ಲಿ ಯಾವುದು ಅಂತ ಹೇಳಿಬಿಡಿ. ನಾನು ಕೂತ್ಕೋತೀನಿ.”

ಪೇಪರಿನವನ ಪೆನ್ನು ನಿಂತಿತು. ಅಧಿಕಾರಿಣಿ ಕೈಕಟ್ಟಿ ಅಧ್ಯಕ್ಷರನ್ನೇ ನೋಡುತ್ತಿದ್ದರು. ಒಂದು ಕಡೆ ಮೋಸಗಾರ, ಇನ್ನೊಂದು ಕಡೆ ಕಳ್ಳ. ನಡುವೆ ಹೊಸ ಕೋಟಿನ ಮನುಷ್ಯ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕೊನೆಗೆ ಮೈಕಿನಿಂದ ಮುಖ ತಿರುಗಿಸಿ ಏನೋ ಅಂದರು.

“ಜೋರಾಗಿ, ಜೋರಾಗಿ! ಹಿಂದಿನ ಸಾಲಿಗೆ ಕೇಳಿಸ್ಲಿ!”

ದನಿ ಅಧ್ಯಕ್ಷರದೇ. ಆದರೆ ಬಂದದ್ದು ಹಿಂದಿನ ಸಾಲಿನಿಂದ. ಎಲ್ಲರೂ ತಿರುಗಿ ನೋಡಿದರು. ತಂಗಿ ಮುಖದಲ್ಲಿ ಒಂದು ನೆರಿಗೆಯೂ ಇಲ್ಲದೆ ಕೂತಿದ್ದಳು. ಅಧ್ಯಕ್ಷರೂ ತಮ್ಮ ದನಿಯನ್ನು ಹುಡುಕುವವರ ಹಾಗೆ ಅತ್ತ ನೋಡಿದರು.

“ನಾನು ಬರೆದಿಲ್ಲ,” ಎಂದರು. ಮೈಕು ಅದನ್ನು ಕೋಣೆಯ ತುಂಬ ಹಂಚಿತು. “ಒಂದನ್ನೂ ಬರೆದಿಲ್ಲ. ಎಲ್ಲಾ ಇವರದೇ.”

ಅವಳು ಹೇಳಿದ ಹಾಗೆ ಹೋಗಿ ಕೂತಳು.

ಆರಕ್ಕೆಲ್ಲ ಕೋಣೆ ಖಾಲಿಯಾಯಿತು. ಅಧಿಕಾರಿಣಿ ಕಾರು ಹತ್ತುವ ಮುನ್ನ ಅವಳ ವಿಳಾಸ ಬರೆದುಕೊಂಡು ಹೋದರು. ಡಾಕ್ಟರು ಬೆಂಚು ಸರಿಸುವ ನೆಪದಲ್ಲಿ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು.

“ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ ಮೇಡಂ?”

“ಗೊತ್ತಿತ್ತು.”

“ನನಗಾದ್ರೂ ಹೇಳಬಹುದಿತ್ತು. ಐದು ತಿಂಗಳು ಪಕ್ಕದಲ್ಲೇ ಕೂತು ಚಹಾ ಕುಡಿದ್ವಿ.”

ಅದಕ್ಕೆ ಅವಳು ಏನೂ ಸಿದ್ಧಮಾಡಿಕೊಂಡು ಬಂದಿರಲಿಲ್ಲ. “ಹೌದು, ಹೇಳಬಹುದಿತ್ತು,” ಎಂದಳು. ಡಾಕ್ಟರು ತಲೆಯಾಡಿಸಿ, ತಮ್ಮ ಬ್ರಷ್ಷುಗಳ ಡಬ್ಬಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದರು. ಆ ಹೆಜ್ಜೆಗಳು ಕೆಳಗೆ ಮುಟ್ಟುವವರೆಗೆ ಅವಳು ಬಾಗಿಲನ್ನೇ ನೋಡುತ್ತಿದ್ದಳು.

ಅಧ್ಯಕ್ಷರು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ್ದರು. ಅಂಗಿಯಲ್ಲಿ ಇನ್ನೂ ಸಣ್ಣಗೆ ಕಂಡರು. “ಎರಡನೇ ಮುದ್ರಣ ಬಂದಾಗ ನಿಮ್ಮ ಹೆಸರು ಹಾಕಿಸ್ತೀನಿ. ಮಾತು ಕೊಡ್ತೀನಿ.”

“ಮೊದಲನೇದೇ ಖರ್ಚಾಗಿಲ್ಲ. ಬೀರು ತೆಗೀರಿ.”

“ಈಗಲೇನಾ?”

“ನನಗೇನೂ ಅವಸರ ಇಲ್ಲ. ನಿಮಗಿದ್ರೆ ಬೇಗ ಬೇಗ ಬರೀರಿ.”

ಅಧ್ಯಕ್ಷರು ಜೇಬು ತಡಕಿ ಬೀಗದ ಕೈ ತೆಗೆದರು. ಬೀರುವಿನಲ್ಲಿ ನೂರ ಎಂಬತ್ತೇಳು ಪ್ರತಿ, ದಾರ ಬಿಚ್ಚದ ಕಟ್ಟುಗಳು. ಮೊದಲ ಕಟ್ಟನ್ನು ಮೇಜಿಗೆ ತಂದು, ಧೂಳು ಊದಿ, ಪುಸ್ತಕ ತೆರೆದು, ‘ಮತ್ತು ಚಿತ್ರಗಳು’ ಎಂಬುದರ ಮೇಲೆ ಪೆನ್ನು ಎಳೆದರು. ಕೆಳಗೆ ‘ಚಿತ್ರಗಳು’ ಎಂದು ಬರೆದು ಅವಳ ಪೂರ್ತಿ ಹೆಸರು ಬರೆದರು. ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಒಂದು ಕ್ಷಣ ನೋಡಿದಳು.

“ಗೆರೆ ಸೊಟ್ಟ ಬಂದಿದೆ,” ಎಂದು ಚೀಲದಿಂದ ಸ್ಕೇಲು ತೆಗೆದು ಮುಂದಿಟ್ಟಳು.

ತಂಗಿ ಕಿಟಕಿಗಳನ್ನು ಒಂದೊಂದಾಗಿ ಹಾಕಿ ಬಂದು, ಕೊನೆಯದನ್ನು ಗಾಳಿಗೆಂದು ತೆರೆದೇ ಬಿಟ್ಟಳು. ಕೆಳಗಿನ ರಸ್ತೆಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆಯುತ್ತಿದ್ದರು. ಅಧ್ಯಕ್ಷರು ಸ್ಕೇಲನ್ನು ಹೊಂದಿಸಿ, ಎಡಗೈಯಲ್ಲಿ ಒತ್ತಿ ಹಿಡಿದು, ಉಸಿರು ಕಟ್ಟಿ ಗೆರೆ ಎಳೆದರು. ನಕ್ಷೆಗಾರ್ತಿ ಎದುರಿನ ಕುರ್ಚಿಯಲ್ಲಿ ಕೂತು ಮುಂದಿನ ಪ್ರತಿಯ ಮೊದಲ ಪುಟ ತೆರೆದಳು, ಮಡಿಕೆಯ ಮೇಲೆ ಅಂಗೈ ಆಡಿಸಿ ಅದನ್ನು ಸಪಾಟು ಮಾಡಿದಳು, ಶಾಯಿ ಆರಲೆಂದು ಕಾಯುತ್ತ ಕೂತಳು.