ಕಿತ್ತರೆ ಬಾರದ ಗೋಂದು

ಬೀದಿಯವರು ಅವಳನ್ನು ಗೋಂದಕ್ಕ ಎಂದು ಕರೆಯುತ್ತಿದ್ದುದು ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಬೇಸರವಿಲ್ಲದೆ ಓಗೊಡುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಗೆ ಒತ್ತಿಕೊಂಡು ಒಂದು ಉದ್ದನೆಯ ಮೇಜು, ಅದರ ತುಂಬ ರಟ್ಟು, ಬಣ್ಣದ ಕಾಗದ, ಕತ್ತರಿ, ಅಡಿಪಟ್ಟಿ. ಗೋಡೆಗೆ ಹೊಡೆದ ಹಲಗೆಯ ಮೇಲೆ ಗೋಂದುಗಳ ಸಾಲು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ನಿವೃತ್ತಿಗೆ, ಮುನಿಸಿಕೊಂಡ ಗೆಳತಿಯನ್ನು ಒಲಿಸುವುದಕ್ಕೆ, ಹೀಗೆ ಯಾವುದಕ್ಕೆ ಬೇಕಾದರೂ ಕೈಯಾರೆ ಕಾರ್ಡು ಮಾಡಿಕೊಡುತ್ತಿದ್ದಳು.

ಗೋಂದಿನ ವಿಷಯಕ್ಕೆ ಬಂದರೆ ಮಾತ್ರ ಆಕೆ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ದಪ್ಪ ರಟ್ಟಿಗೆ ಬಿಳಿ ಗೋಂದು, ಅದನ್ನೂ ತೆಳ್ಳಗೆ ಸವರಿ ಮೇಲೆ ಭಾರ ಹೇರಿಟ್ಟರೇ ಸೈ. ಹಿಂದಿನ ಅಕ್ಷರ ಕಾಣುವಂಥ ತೆಳು ಕಾಗದಕ್ಕೆ ನೀರಿನ ಗೋಂದು ಸೋಕಿದರೆ ಅದು ಗಳಿಗೆಯಲ್ಲಿ ಸುಕ್ಕುಗಟ್ಟಿ ಮುದುಕಿಯಾಗುತ್ತದೆ. ಅದಕ್ಕೆ ಎರಡೂ ಬದಿ ಅಂಟುವ ಟೇಪೇ ಆಗಬೇಕು. ಹೂವು ಎದ್ದು ಕಾಣಬೇಕಾದರೆ ಸ್ಪಂಜಿನ ಟೇಪು. ಬಿಸಿ ಗೋಂದು ಉಗುಳುವ ಗನ್ನನ್ನಂತೂ ಅವಳು ಹೊಸ್ತಿಲು ದಾಟಲು ಬಿಟ್ಟವಳಲ್ಲ. "ಕಾರ್ಡಿಗೆ ಅದ್ಯಾಕ್ರೀ? ಹಣೆ ಮೇಲೆ ಬುಗುಟೆ ಎದ್ದ ಹಾಗೆ ಕಾಣುತ್ತೆ," ಎನ್ನುತ್ತಿದ್ದಳು. ಯಾವುದೋ ಒಂದು ಹಚ್ಚಿ ಬೇಗ ಮುಗಿಸಿಕೊಡಿ ಎಂದು ಗಿರಾಕಿ ಗೊಣಗಿದರೆ ಉತ್ತರ ಸಿದ್ಧವಾಗಿರುತ್ತಿತ್ತು: "ಗಂಡನ್ನ ಸರಿಯಾಗಿ ನೋಡದೆ ಮದುವೆ ಆದೋಳು ನಾನು. ಆದ್ರೆ ಕಾಗದ ನೋಡದೆ ಇವತ್ತಿನವರೆಗೂ ಗೋಂದು ಹಚ್ಚಿಲ್ಲ." ಒಳಗೆ ಪೇಪರು ಓದುತ್ತಿದ್ದ ಯಜಮಾನರು ಆಗ ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು.

ಯಜಮಾನರು ಎಂದರೆ ಅವಳ ಗಂಡ, ಪಂಪುಸೆಟ್ಟಿನ ಗೋದಾಮಿನಲ್ಲಿ ಮೇಲ್ವಿಚಾರಕರು. ಕೆಟ್ಟವರಲ್ಲ. ಆದರೆ ನಾಲ್ಕು ಜನ ಏನಂದುಕೊಂಡಾರು ಎಂದು ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ ಚಿಂತೆ ಮಾಡುವ ಮನುಷ್ಯ. ಒಬ್ಬಳೇ ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅಲ್ಲಿಯೇ ಆಂಬುಲೆನ್ಸ್ ಓಡಿಸುವ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಅವಳು ಹೇಳಿದಾಗ ಕೆಲವು ದಿನ ಮುಖ ಊದಿಸಿಕೊಂಡು ಓಡಾಡಿ, ಹುಡುಗ ಚೊಕ್ಕ ಎಂದು ತಾವೇ ಅಲ್ಲಿ ಇಲ್ಲಿ ವಿಚಾರಿಸಿ ಖಾತ್ರಿ ಮಾಡಿಕೊಂಡು, ಕೊನೆಗೆ ಹೂಂ ಅಂದಿದ್ದರು.

ಮಗಳ ಮದುವೆಗೆ ಗೋಂದಕ್ಕ ಇನ್ನಾರಿಗೂ ಮಾಡಿರದಂಥ ಕಾರ್ಡು ಮಾಡಿದಳು. ದಂತಬಣ್ಣದ ರಟ್ಟು. ತೆರೆದರೆ ಕಾಗದದ ಬಾಗಿಲೊಂದು ತಾನೇ ಎದ್ದು ನಿಲ್ಲುತ್ತಿತ್ತು, ಅದರ ಹಿಂದೆ ಬೀದಿ ಮೂಲೆಯ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಒಕ್ಕಣೆ. ಕೊನೆಯಲ್ಲಿ 'ಕರೆಯುವವರು' ಎಂದು ಇದ್ದು ಅದರ ಕೆಳಗೆ ಯಜಮಾನರ ಹೆಸರು. ಅವರದೊಂದೇ. ಊರವರ ಮನೆಯ ಕಾರ್ಡುಗಳನ್ನೆಲ್ಲ ಹಾಗೇ ಮಾಡಿ ಮಾಡಿ ಅವಳ ಕಣ್ಣಿಗೆ ಅದರಲ್ಲಿ ಕೊರತೆಯೇನೂ ಕಾಣುತ್ತಿರಲಿಲ್ಲ.

ಕಾರ್ಡುಗಳು ಭಾರದಡಿ ಒಣಗುತ್ತಿದ್ದ ಸಂಜೆ ಯಜಮಾನರು ಕೆಲಸದಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಕೋಣೆಯ ಬಾಗಿಲಲ್ಲಿ ನಿಂತರು.

"ನನ್ನ ಹೆಸರು ತೆಗಿ."

"ಎಲ್ಲಿಂದ?"

"ಕಾರ್ಡಿಂದ. ಆ ಡ್ರೈವರ್ ಮದುವೆಗೆ ಜನ ಕರೆಯೋನು ನಾನಲ್ಲ."

ಆದದ್ದಿಷ್ಟು. 'ಮದುಮಗ ಸೈರನ್ ಹೊಡ್ಕೊಂಡೇ ಬರ್ತಾನಾ? ನಾವೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡ್ಬೇಕಾ?' ಎಂದು ಗೋದಾಮಿನಲ್ಲಿ ಯಾರೋ ಹಲ್ಲು ಕಿರಿದಿದ್ದರು. ಉಳಿದವರು ನಕ್ಕಿದ್ದರು. ಅಷ್ಟಕ್ಕೇ ಇವರ ಹೂಂ ಉಹೂಂ ಆಗಿತ್ತು.

"ಹಾಗಾದ್ರೆ ಮದುವೆನೇ ಬೇಡ ಅಂತೀರಾ?" ಎಂದಳು ಗೋಂದಕ್ಕ.

"ನಾನು ಬೇಡ ಅಂದ್ರೆ ಕೇಳೋರ್ಯಾರು? ಮಾಡ್ಕೊಳ್ಳಿ. ನನ್ನ ಹೆಸರು ಮಾತ್ರ ಕಾಣಬಾರದು. ಮೇಲೊಂದು ಚೀಟಿ ಅಂಟಿಸಿ ಮುಚ್ಚು. ಅಂಟಿಸೋದು ತಾನೆ ನಿನ್ನ ಕೆಲಸ?"

ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದನ್ನು ಅವರು ನೋಡಲಿಲ್ಲ, ಗೋಂದಕ್ಕ ನೋಡಿದಳು. ಹುಡುಗಿ ಒಳಗೆ ಹೋದಳು. ಬಹಳ ಹೊತ್ತು ನಲ್ಲಿಯ ನೀರು ಸುಮ್ಮನೆ ಹರಿಯುತ್ತಿದ್ದ ಸದ್ದು ಕೇಳಿಸಿತು.

ಮರುದಿನ ಗೋಂದಕ್ಕ ಅದೇ ದಂತಬಣ್ಣದ ಕಾಗದದಲ್ಲಿ ಪಟ್ಟಿಗಳನ್ನು ಕತ್ತರಿಸಿದಳು. ಕೈ ತಾನಾಗಿಯೇ ಹಲಗೆಯ ತುದಿಯಲ್ಲಿದ್ದ ರಬ್ಬರ್ ಗೋಂದಿನ ಡಬ್ಬಿಗೆ ಹೋಯಿತು. ಅದರ ಗುಣ ಅವಳಿಗೆ ಚೆನ್ನಾಗಿ ಗೊತ್ತು. ಹಚ್ಚಿದಾಗ ಹಿಡಿದುಕೊಳ್ಳುತ್ತದೆ, ಬೇಡವಾದಾಗ ಮೆಲ್ಲನೆ ಎಳೆದರೆ ಬಂದುಬಿಡುತ್ತದೆ, ಉಳಿದದ್ದನ್ನು ಬೆರಳಲ್ಲಿ ಉಜ್ಜಿದರೆ ಗುರುತೂ ಇರುವುದಿಲ್ಲ.

"ಅಮ್ಮ, ಅದು ಕಿತ್ತರೆ ಬರೋ ಗೋಂದಲ್ವಾ?" ಕೆಲಸಕ್ಕೆ ಹೊರಟಿದ್ದ ಮಗಳು ಕೇಳಿದಳು.

"ಹೂಂ ಕಣೇ. ನಿಮ್ಮಪ್ಪನ ಕೋಪ ಹಾಲು ಉಕ್ಕಿದ ಹಾಗೆ. ಇಳಿದ್ಮೇಲೆ ಕಿತ್ತು ಬಿಸಾಕೋಣ ಅಂತ."

"ಇಳಿದ್ಮೇಲೆ ಅಪ್ಪನ ಹೆಸರು ವಾಪಸ್ ಬರುತ್ತೆ, ಸರಿ. ಇಳೀದೇ ಇದ್ರೆ? ನನ್ನ ಮದುವೆಗೆ ಕರೆಯೋರೇ ಇಲ್ಲ ಅಂತ ಖಾಲಿ ಚೀಟಿ ಹೋಗುತ್ತಾ ಮನೆಮನೆಗೆ?"

ಅವಳು ಕೂಗಿ ಹೇಳಿರಲಿಲ್ಲ. ಕೂಗಿದ್ದರೆ ಗೋಂದಕ್ಕ ಗದರಿ ಸುಮ್ಮನಾಗಿಸುತ್ತಿದ್ದಳೇನೋ. ಮಗಳು ಹೋದ ಮೇಲೂ ಡಬ್ಬಿಯ ಮುಚ್ಚಳ ಕೈಯಲ್ಲೇ ಇತ್ತು. ಮದುವೆಯಾದಾಗಿನಿಂದ ಆ ಮನುಷ್ಯ ಏನು ಎಗರಾಡಿದರೂ, ನಾಳೆ ಅವರಿಗೆ ಹಿಂದಕ್ಕೆ ಬರಲು ಸುಲಭವಾಗಲಿ ಎಂದು ಒಂದು ದಾರಿ ಬಿಟ್ಟುಕೊಂಡೇ ಬಂದಿದ್ದಳು. ಅವರು ಒಂದು ಸಲವೂ ಅದನ್ನು ಗಮನಿಸಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಕೆಂಡದಂಥ ಸಿಟ್ಟು ಬಂತು. ಮುಚ್ಚಳ ಬಿಗಿದು ಡಬ್ಬಿಯನ್ನು ಹಲಗೆಯ ಮೇಲೆ ಕುಕ್ಕಿದಳು.

ಆದರೂ ಕದ್ದು ಮಾಡುವ ಬುದ್ಧಿ ಅವಳದಲ್ಲ. ಸಂಜೆ ಯಜಮಾನರು ಕಾಫಿ ಕುಡಿಯುತ್ತಿದ್ದಾಗ ನೇರವಾಗಿ ಕೇಳಿದಳು: "ನಿಮ್ಮ ಹೆಸರಿನ ಮೇಲೆ ಯಾವ ಗೋಂದು ಹಚ್ಚಲಿ? ಕಿತ್ತರೆ ಬರೋದೋ, ಬರದೇ ಇರೋದೋ?"

"ಜಪ್ಪಯ್ಯ ಅಂದ್ರೂ ಬರಬಾರದು. ಅಂಥದ್ದು ಹಚ್ಚು."

"ಚೀಟಿ ಮೇಲೆ?"

"ಏನಾದ್ರೂ ಹಾಕ್ಕೋ. ನನ್ನನ್ನೇನು ಕೇಳ್ತೀಯ?"

"ಯೋಚನೆ ಮಾಡಿ ಹೇಳಿ. ಒಣಗಿದ್ಮೇಲೆ ನಾನೂ ಏನೂ ಮಾಡೋಕಾಗಲ್ಲ."

"ಆಡಿದ ಮಾತಿಗೆ ತಪ್ಪೋನಲ್ಲ ನಾನು," ಎಂದು ಅವರು ಲೋಟ ಕೆಳಗಿಟ್ಟರು.

ಗೋಂದಕ್ಕ ಕಪ್ಪು ಶಾಯಿಯ ಪೆನ್ನು ತೆಗೆದು ಮೊದಲ ಪಟ್ಟಿಯ ಮೇಲೆ ತನ್ನ ಹೆಸರು ಬರೆದಳು. ಮನೆಯಲ್ಲಿ ಅವಳು ಅಮ್ಮ, ಬೀದಿಗೆ ಗೋಂದಕ್ಕ, ಗಂಡನ ಬಾಯಲ್ಲಿ ಬರೀ 'ಏನೇ'. ತನ್ನ ಹೆಸರಿನ ಅಕ್ಷರಗಳನ್ನು ಅಷ್ಟು ನಿಧಾನವಾಗಿ ತಿದ್ದಿ ಎಷ್ಟು ಕಾಲವಾಗಿತ್ತೋ, ಅದು ಯಾರದೋ ಹೆಸರಿನಂತೆ ಕಂಡಿತು. ಎರಡನೆಯ ಪಟ್ಟಿ ಬರೆಯುವಾಗ ಸ್ವಲ್ಪ ಪರಿಚಯವಾಯಿತು. ಹತ್ತಾರು ಬರೆಯುವ ಹೊತ್ತಿಗೆ, ಇಷ್ಟು ಚೆಂದದ ಹೆಸರನ್ನು ಇಟ್ಟುಕೊಂಡು ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ನಗು ಬಂತು. ಆಮೇಲೆ ಬಿಳಿ ಗೋಂದನ್ನು ಅಂಚಿನಿಂದ ಅಂಚಿಗೆ ತೆಳ್ಳಗೆ ಸವರಿ, ಪಟ್ಟಿ ಕೂರಿಸಿ, ಗಾಳಿಗುಳ್ಳೆ ಉಳಿಯದಂತೆ ತೀಡಿ, ಭಾರದಡಿ ಇಟ್ಟಳು. ಒಣಗಿದ ಮೇಲೆ ಉಗುರು ಹಾಕಿ ನೋಡಿದಳು. ಪಟ್ಟಿಯೂ ರಟ್ಟೂ ಒಂದೇ ಆಗಿದ್ದವು.

ತಾಯಿ ಮಗಳು ಇಬ್ಬರೂ ಸೇರಿ ನೆಂಟರ ಮನೆಗಳಿಗೆ ಕಾರ್ಡು ಹಂಚಿದರು. ಯಜಮಾನರು ಅದನ್ನು ಕೈಯಲ್ಲೂ ಮುಟ್ಟಲಿಲ್ಲ. ಕಾರ್ಡಿದ್ದ ಕೋಣೆಯ ಮುಂದೆ ಹಾಯುವಾಗಲೂ ಕತ್ತು ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು.

ರಜೆಯ ದಿನ ಬೆಳಗ್ಗೆ ಅವರ ಅಕ್ಕ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಕಾರ್ಡು.

"ಏನೋ ತಮ್ಮ, ನೀನು ಬದುಕಿದ್ದೀಯೋ ಇಲ್ವೋ?"

"ಏನಕ್ಕ ಹಾಗಂದ್ರೆ?"

"ನೋಡು ಇಲ್ಲಿ. ಬರೀ ಇವಳ ಹೆಸರಿದೆ. ನಮ್ಮ ಪಕ್ಕದ ಮನೆಯೋರು ಕಾರ್ಡ್ ನೋಡಿ, 'ಯಾವಾಗ ಹೋದ್ರು ನಿಮ್ಮ ತಮ್ಮ, ನಮಗೆ ಗೊತ್ತೇ ಆಗ್ಲಿಲ್ಲ' ಅಂತ ನನ್ನ ಕೈ ಹಿಡ್ಕೊಂಡು ಕಣ್ಣೊರೆಸಿಕೊಂಡ್ರು!"

ಯಜಮಾನರು ಕಾರ್ಡು ಕಸಿದುಕೊಂಡು ತೆರೆದರು. ಕಾಗದದ ಬಾಗಿಲು ಎದ್ದು ನಿಂತಿತು. ಹಿಂದೆ ಹೆಂಡತಿಯ ಹೆಸರು. ಅವರ ಮುಖ ಹುಳ್ಳಗಾಯಿತು. ಉಗುರಿನಿಂದ ಕೆರೆದರು, ಬರಲಿಲ್ಲ. ಒದ್ದೆ ಬಟ್ಟೆ ತಂದು ಒತ್ತಿ ಉಜ್ಜಿದರು. ಪಟ್ಟಿ ಚಿಂದಿಯಾಗಿ ಎದ್ದಿತು, ಅದರ ಜೊತೆಗೇ ಕೆಳಗಿದ್ದ ಅವರ ಹೆಸರೂ ಸುಲಿದುಕೊಂಡು ಬಂತು. 'ಕರೆಯುವವರು' ಎಂಬುದರ ಕೆಳಗೆ ಬರೀ ತೂತು ಉಳಿಯಿತು.

ನೇರ ಗೋಂದಕ್ಕನ ಕೋಣೆಗೆ ಬಂದರು. ಹಿಂದೆಯೇ ಅಕ್ಕ. ಗೋದಾಮಿನವರಿಗೆ, ಬೀದಿಯವರಿಗೆ ಕೊಡಬೇಕಾದ ಕಾರ್ಡುಗಳು ಮೇಜಿನ ಮೇಲಿದ್ದವು. ಮಗಳು ಅವನ್ನು ಲಕೋಟೆಗೆ ಹಾಕುತ್ತಿದ್ದಳು.

"ಇದೆಲ್ಲಾ ನಿಲ್ಸು! ಉಳಿದಿದ್ದಕ್ಕಾದ್ರೂ ನಿನ್ನ ಹೆಸರಿನ ಮೇಲೆ ನನ್ನದು ಅಂಟಿಸು."

"ಚೀಟಿ ಮೇಲೆ ಚೀಟಿ ಅಂಟಿಸೋ ಕೊಳಕು ಕೆಲಸ ನಾನು ಮಾಡಲ್ಲ."

"ಕೆಳಗಾದ್ರೂ ಬರಿ. ಜಾಗ ಇದೆಯಲ್ಲ!"

ಜಾಗ ಇತ್ತು. ಎಷ್ಟಾದರೂ ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಆಡಿಸಿದವರು ಅವರೇ. ಗೋಂದಕ್ಕ ಪೆನ್ನು ಕೈಗೆ ತೆಗೆದುಕೊಂಡಳು.

"ಬರೀತೀನಿ. ಆದ್ರೆ ನಾಳೆ ಈ ಕಾರ್ಡುಗಳನ್ನ ಗೋದಾಮಿನಲ್ಲಿ ನೀವೇ ಹಂಚಬೇಕು. ನನ್ನ ಅಳಿಯ ಆಂಬುಲೆನ್ಸ್ ಓಡಿಸ್ತಾನೆ ಅಂತ ಬಾಯ್ತುಂಬ ಹೇಳ್ಬೇಕು. ಹೇಳ್ತೀರಾ?"

ಮಗಳ ಕೈ ನಿಂತಿತು. ಯಜಮಾನರು ಅವಳ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು.

"ಅದು ಬೇರೆ, ಇದು ಬೇರೆ. ನನಗೆ ಹೆಸರು ಇರಬೇಕು, ಅಷ್ಟೆ. ಜನ ನನ್ನ ಸತ್ತೋದ ಅಂದ್ಕೊಳ್ಬಾರದು."

"ಹಾಗಾದ್ರೆ ಇಲ್ಲ," ಎಂದಳು ಗೋಂದಕ್ಕ, ಕಡ್ಡಿ ಮುರಿದ ಹಾಗೆ.

"ಅಯ್ಯೋ, ಗಂಡಸರ ಮಾನದ ಪ್ರಶ್ನೆ ಕಣೇ. ಬರೆದುಬಿಡೇ ಮಾರಾಯ್ತಿ," ಯಜಮಾನರ ಅಕ್ಕ ನಡುವೆ ಬಾಯಿ ಹಾಕಿದರು.

"ಮಾನ ನನ್ನ ಮಗಳಿಗೂ ಇದೆ ಅತ್ತಿಗೆ. ಅವಳಿಗೆ ಬೇಕಾಗಿರೋದು ಕರೆಯೋ ಅಪ್ಪ. ಅಚ್ಚಾದ ಅಪ್ಪ ಅಲ್ಲ."

ಪೆನ್ನು ಹೇಗೂ ಕೈಯಲ್ಲಿತ್ತು. ಗೋಂದಕ್ಕ ಹೊಸ ಲಕೋಟೆಯೊಂದನ್ನು ಎಳೆದುಕೊಂಡು ಅದರ ಮೇಲೆ ಗಂಡನ ಹೆಸರನ್ನು 'ಶ್ರೀ' ಸಮೇತ ದುಂಡಗೆ ಬರೆದಳು. ಒಳಗೊಂದು ಕಾರ್ಡು ಇಟ್ಟು, ಎದ್ದು ನಿಂತು, ಬೇರೆಯವರಿಗೆ ಕೊಡುವ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದಳು.

"ನಮ್ಮ ಮಗಳ ಮದುವೆ. ತಪ್ಪದೆ ಬರಬೇಕು."

ಅವರ ಕೈ ಅವರಿಗೆ ಗೊತ್ತಿಲ್ಲದೆಯೇ ಮುಂದೆ ಬಂದು ಅದನ್ನು ತೆಗೆದುಕೊಂಡಿತು. ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅತ್ತಿಗೆ ಇಣುಕಿ ನೋಡಿ, ಬಾಯಿಗೆ ರೂಢಿಯಾದದ್ದನ್ನು ಹೇಳಿಬಿಟ್ಟರು: "ಸಕುಟುಂಬ ಸಮೇತ ಅಂತ ಬರೀಲೇ ಇಲ್ವಲ್ಲೇ?"

"ಕುಟುಂಬ ಎಲ್ಲ ಕರೆಯೋರ ಕಡೆ ಇದೆ ಅತ್ತಿಗೆ," ಎಂದಳು ಗೋಂದಕ್ಕ. "ಬರೋದಾದ್ರೆ ಅವರೊಬ್ಬರೇ ಬರಬೇಕು."