ಗಂಗಾಧರಪ್ಪನ ಮಣ್ಣು

ಸೊರಬದ ಬಸ್ಸು ಹತ್ತುವಾಗ ಸಣ್ಣಬೀರಪ್ಪ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದ. ಗಂಗಾಧರಪ್ಪ ಸತ್ತ ಅಂತ ಹೇಳುವುದು, ಹೇಗೆ ಸತ್ತ ಅಂತ ಹೇಳದಿರುವುದು. ಯುದ್ಧದಲ್ಲಿ ದೂರದ ದ್ವೀಪವೊಂದರಲ್ಲಿ ಜಪಾನಿನವರಿಗೆ ಸೆರೆ ಸಿಕ್ಕು, ಬದುಕಿ ಶಿಕಾರಿಪುರಕ್ಕೆ ಮರಳಿ ಹನ್ನೆರಡು ವರ್ಷವಾಗಿತ್ತು. ಕುರಿ ಮೇಯಿಸಿದ, ಕಂಬಳಿ ಮಾರಿದ. ಆ ದ್ವೀಪದ ಸುದ್ದಿಯನ್ನು ಮಾತ್ರ ಹೆಂಡತಿಯ ಹತ್ತಿರವೂ ಎತ್ತಲಿಲ್ಲ.

ಹೋದ ತಿಂಗಳು ಸೊರಬದ ಸಂತೆಯಲ್ಲಿ ಕಂಬಳಿ ಕೊಳ್ಳಲು ಬಂದವಳ ಜೊತೆ ಮಾತಿಗೆ ಮಾತು ಬೆಳೆಯಿತು. ಅವಳು ಹೊಸಬಾಳೆಯ ನೀಲಾಂಬಿಕ, ತನ್ನ ಜೊತೆ ಸೆರೆಯಲ್ಲಿದ್ದ ಗಂಗಾಧರಪ್ಪನ ಹೆಂಡತಿ ಎಂದು ತಿಳಿದಾಗ ‘ಅವ ಸತ್ತ’ ಎಂದಷ್ಟೇ ಹೇಳಿದ. ಗಂಡ ಸತ್ತದ್ದನ್ನು ಕೇಳಿಯೂ ಅವಳು ಅಳಲಿಲ್ಲ.

“ನೀವೇ ಬಂದು ನಮ್ಮತ್ತೆಗೆ ಹೇಳ್ಬೇಕು ಅಣ್ಣಾ,” ಎಂದಳು.

ಸರ್ಕಾರ ‘ಕಾಣೆಯಾಗಿದ್ದಾನೆ’ ಎಂದಷ್ಟೇ ತಿಳಿಸಿ ಕೈ ತೊಳೆದುಕೊಂಡಿತ್ತು. ಅತ್ತೆ ಬಸವಣ್ಣೆಮ್ಮ ಅದನ್ನೇ ಹಿಡಿದು, ಮಗ ಇದ್ದಾನೆ ಎಂದು ಕೂತಿದ್ದಳು. ಉಳವಿಯ ವಿಧುರನೊಬ್ಬ ನೀಲಾಂಬಿಕೆಯನ್ನು ಸೀರೆ ಉಡಿಸಿ ಉಡಿಕೆ ಮದುವೆ ಮಾಡಿಕೊಳ್ಳಲು ಒಪ್ಪಿ ಕಾಯುತ್ತಿದ್ದ. ಆದರೆ ಉಡಿಕೆ ಗಂಡ ಸತ್ತವಳಿಗೆ. ಗಂಡ ಸತ್ತನೆಂದು ಅತ್ತೆ ಒಪ್ಪಬೇಕಲ್ಲ. ನೀಲಾಂಬಿಕೆಯ ತಲೆಯಲ್ಲಿ ಆಗಲೇ ಬಿಳಿ ಎಳೆಗಳಿದ್ದವು.

ಹೊಸಬಾಳೆಯ ಮನೆಯಲ್ಲಿ ಬಸವಣ್ಣೆಮ್ಮ ಸಣ್ಣಬೀರಪ್ಪನಿಗೆ ಬೆಲ್ಲ ನೀರು ಕೊಡಿಸಿ ಎದುರಿಗೆ ಕೂತಳು.

“ಸೆರೆ ಸಿಕ್ಕಿದೋರನ್ನ ಕೊಲ್ಲೋ ಹಾಗಿಲ್ವಂತೆ. ಅನ್ನ ಬಟ್ಟೆ ಕೊಟ್ಟು ಇಟ್ಕೊಂಡು, ಯುದ್ಧ ಮುಗಿದ್ಮೇಲೆ ಕಳಿಸ್ಬೇಕಂತೆ. ಹಂಗೆ ಕಾನೂನಿದೆ ಅಂತ ಮೇಷ್ಟ್ರು ಹೇಳಿದ್ರು.”

“ಐತಿ ಅವ್ವಾ,” ಎಂದ ಸಣ್ಣಬೀರಪ್ಪ. ಕಾನೂನು ಇದ್ದದ್ದು ಸುಳ್ಳಲ್ಲ. ಆ ದ್ವೀಪದ ಕಾವಲಿನವರಿಗೆ ಯಾರಾದರೂ ಅದನ್ನು ಓದಿ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

“ಆದ್ರ ಗಂಗಾಧರಪ್ಪ ಉಳೀಲಿಲ್ಲ. ಜ್ವರ ಬಂದು ಹೋದ. ನನ್ನ ಕಣ್ಣೆದುರಿಗೇ.”

ಮುದುಕಿ ಮುಂದಕ್ಕೆ ಬಾಗಿದಳು. “ಮಣ್ಣು ಯಾರು ಕೊಟ್ರು?”

“ನಾನೇ ಕೊಟ್ಟೆ.”

ಅಲ್ಲಿಗೇ ಬಾಯಿ ಮುಚ್ಚಬಹುದಿತ್ತು. ಆದರೆ ಅವಳ ಮುಖ ಒಂದಿಷ್ಟು ಸಡಿಲಾದದ್ದು ಕಂಡು, ಇನ್ನಷ್ಟು ಸಮಾಧಾನ ಕೊಡೋಣವೆಂದು ಮುಂದುವರಿಸಿದ. “ಒಳ್ಳೇ ಜಾಗ ನೋಡಿ ಗುಣಿ ತೆಗೆದ್ವಿ. ದಕ್ಷಿಣಕ್ಕ ತಲಿ ಮಾಡಿ ಮಲಗಿಸಿ, ಕಂಬಳಿ ಹೊದ್ದಿಸಿ...”

ಅವನ ಕಣ್ಣ ಮುಂದಿದ್ದದ್ದು ಸ್ವಂತ ಅಪ್ಪನನ್ನು ಮಲಗಿಸಿದ ಗುಣಿ. ಗಂಗಾಧರಪ್ಪನಂಥ ಲಿಂಗವಂತರು ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆಂದು ಅವನಿಗೆ ಗೊತ್ತಿಲ್ಲದ್ದಲ್ಲ. ಹಾಳು ಸುಳ್ಳು, ಆ ಹೊತ್ತಿಗೆ ಅದಕ್ಕೆ ತನ್ನ ಮನೆಯ ದಾರಿ ಮಾತ್ರ ನೆನಪಾಯಿತು.

“ಮಲಗಿಸಿದ್ರಾ?” ಬಸವಣ್ಣೆಮ್ಮ ತಲೆಯೆತ್ತಿದಳು. “ನಮ್ಮೋರನ್ನ ಕೂರಿಸ್ತಾರಪ್ಪ. ಜೊತೇಲಿದ್ದೋನಿಗೆ ಅಷ್ಟೂ ಹೇಳದೆ ಸಾಯ್ತಾನಾ ನನ್ ಮಗ? ನೀನು ಮಣ್ಣು ಕೊಟ್ಟಿದ್ದು ಬೇರೆ ಯಾರಿಗೋ, ತಮ್ಮಾ.” ಅವಳ ಮುಖ ಅರಳಿತ್ತು. ಬಾಗಿಲ ಮರೆಯಲ್ಲಿ ನಿಂತಿದ್ದ ನೀಲಾಂಬಿಕ ಗೋಡೆ ಹಿಡಿದುಕೊಂಡಳು.

ಸಣ್ಣಬೀರಪ್ಪನಿಗೆ ತಡೆಯಲಾಗಲಿಲ್ಲ.

“ಸುಳ್ಳು ಹೇಳ್ದೆ ಅವ್ವಾ. ಮಣ್ಣೇ ಕೊಡ್ಲಿಲ್ಲ, ಕೊಡಾಕ ಬಿಡ್ಲಿಲ್ಲ. ಜ್ವರದಾಗ ಕೆಲಸಕ್ಕ ಏಳ್ಲಿಲ್ಲ ಅಂತ ಬಂದೂಕಿನ ಹಿಡೀಲಿ ಹೊಡೆದು ಕೊಂದ್ರು. ಕೊಳ್ಳಾಗಿನ ಲಿಂಗ, ಬೆಳ್ಳಿ ಕರಡಿಗಿ ಸಮೇತ ಕಿತ್ಕೊಂಡ್ರು. ಕಂದಕಕ್ಕ ಹಾಕ್ರಿ ಅಂದ್ರು, ನಾವೇ ಎಳೆದು ಹಾಕಿದ್ವಿ. ಅದ್ರಾಗ ಆಗ್ಲೇ ಬ್ಯಾರೇರ ಹೆಣ ಇದ್ವು.”

ಹನ್ನೆರಡು ವರ್ಷ ಒಳಗಿದ್ದದ್ದು ಹೊರಗೆ ಬಂದಿತ್ತು. ಅವನು ಮೊಣಕಾಲಿಗೆ ಮುಖವಿಟ್ಟು ಅತ್ತ.

ಮುದುಕಿ ಸಿಟ್ಟಾಗಲಿಲ್ಲ. “ಆಗ್ಲೇ ಒಂದಂದೆ, ಈಗ ಇನ್ನೊಂದು ಅಂತೀಯ. ಕಾನೂನಿರೋವಾಗ ಹಂಗೆಲ್ಲ ಯಾರು ಮಾಡ್ತಾರೆ? ಪಾಪ, ನಿನಗೂ ತಲೆ ಕೆಟ್ಟಿದೆ. ಊಟ ಮಾಡ್ಕೊಂಡು ಹೋಗು.”

ಅವನು ಊಟಕ್ಕೆ ನಿಲ್ಲಲಿಲ್ಲ. ನೀಲಾಂಬಿಕ ಬೇಲಿಯವರೆಗೆ ಹಿಂದೆಯೇ ಬಂದಳು.

“ಎರಡನೇದು ನಿಜ ಅಲ್ವಾ ಅಣ್ಣಾ?”

“ನಿಜ, ತಾಯಿ.”

“ಮೊದ್ಲೇ ಅದನ್ನ ಹೇಳಿದ್ರೆ ಅತ್ತು ಕರೆದು ನಂಬ್ತಿದ್ರೇನೋ.” ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಉರಿಯಿತು.

ಒಳಗಿನಿಂದ ಬಸವಣ್ಣೆಮ್ಮ ಕೂಗಿದಳು. ಆ ದನಿ ಎಷ್ಟೋ ವರ್ಷ ಎಳೆಯದಾದಂತಿತ್ತು. “ನೀಲಾ, ಗಂಗಾಧರನಿಗೂ ಎರಡು ರೊಟ್ಟಿ ತಟ್ಟು. ಯಾಕೋ ಇವತ್ತು ಬರ್ತಾನೆ ಅನ್ನಿಸ್ತಿದೆ.”

“ಬಂದೆ ಅತ್ತೆ,” ಎಂದಳು ನೀಲಾಂಬಿಕ. ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದಳು.

“ಉಳವಿ ಮೇಲೆ ಹೋದ್ರೆ ಅವರಿಗೊಂದು ಮಾತು ಹೇಳ್ಬಿಡಿ ಅಣ್ಣಾ. ಇನ್ನು ಕಾಯೋದು ಬೇಡ ಅಂತ.”