ಎತ್ತರಮಾಪಕದ ಕೆಂಪು ಪಟ್ಟಿ

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳು ಹಾಲು ಕಾಯಿಸಿದಳು, ಕಸ ಗುಡಿಸಿದಳು. ಗಂಡನ ಮೇಜು ಒರೆಸುವಾಗ ಬಟ್ಟೆಯಲ್ಲಿ ಸುತ್ತಿದ್ದ ಎತ್ತರಮಾಪಕ ಸಿಕ್ಕಿತು.

ಅವನು ವಿಮಾನ ಸಂಗ್ರಹಾಲಯದ ಮೆಕ್ಯಾನಿಕ್. ಮುಳ್ಳು ಕಚ್ಚಿಕೊಂಡಿದೆಯೆಂದು ಹಳೆಯ ತರಬೇತಿ ವಿಮಾನದಿಂದ ಅದನ್ನು ಬಿಚ್ಚಿ ಮನೆಗೆ ತಂದಿದ್ದ. ಸರಿಹೋದ ಮೇಲೆ ಬಂದವರಿಗೆಲ್ಲ ಅದೇ ಪ್ರದರ್ಶನ: ಕೆಳಗಿನಿಂದ ಮೂರನೇ ಮಹಡಿಯ ಮನೆಗೆ ಹತ್ತಿಸಿ, ಗಾಜು ತಟ್ಟಿ, ಮುಳ್ಳು ಮೇಲೇರಿದ್ದನ್ನು ತೋರಿಸುವುದು. ವಾಪಸು ಕೊಡುವಷ್ಟರಲ್ಲಿ ಜ್ವರ ಬಂತು.

"ಎಲ್ಲಿಗೆ?" ಎಂದರು ಅತ್ತೆ.

"ಇದನ್ನ ಕೊಟ್ಟು ಬರ್ತೀನಿ."

"ಇರ್ಲಿ ಬಿಡು. ಅವನು ಮುಟ್ಟಿದ್ದು."

"ಅವರು ಮುಟ್ಟದೇ ಇರೋದು ಈ ಮನೇಲಿ ಏನಿದೆ ಅತ್ತೆ? ಕುಕ್ಕರನ್ನೂ ಬಿಚ್ಚಿದ್ರು."

"ಜೋಡಿಸಿದ್ಮೇಲೆ ಒಂದು ಸ್ಕ್ರೂ ಮಿಕ್ಕಿತ್ತು," ಎಂದು ಅತ್ತೆ ಒಳಗೆ ಹೋದರು.

ಸಂಗ್ರಹಾಲಯದ ಬಾಗಿಲಲ್ಲಿ ಕರಿಕಲ್ಲಿನ ಸ್ಮಾರಕ. ಹಾರುವಾಗ ಸತ್ತವರ ಹೆಸರಷ್ಟೇ ಅದರ ಮೇಲೆ. ಅವನ ಹೆಸರು ಇದ್ದದ್ದು ಬೇರೆ ಕಡೆ. ವಿಮಾನದಿಂದ ಏನು ಬಿಚ್ಚಿದರೂ ಅಲ್ಲಿ ಉಳಿದ ತೂತಿಗೆ ಬಿಚ್ಚಿದವನ ಹೆಸರಿನ ಕೆಂಪು ಬಟ್ಟೆಯ ಪಟ್ಟಿ ಕಟ್ಟಬೇಕು, ವಸ್ತು ಮರಳಿದಾಗ ಪಟ್ಟಿ ತೆಗೆಯಬೇಕು. ಅದು ಅಲ್ಲಿನ ಕಟ್ಟಳೆ.

"ನಿನ್ನ ಹತ್ರಾನೇ ಇಟ್ಕೊಳಮ್ಮ," ಎಂದರು ಮೇಲ್ವಿಚಾರಕರು. "ಕಲ್ಲಿನ ಮೇಲಂತೂ ಬರೆಸೋಕಾಗಲ್ಲ. ಪಟ್ಟಿಯಾದ್ರೂ ಇರ್ಲಿ. ಕೇಳೋರು ಯಾರು?"

ಬಸ್ಸಿನಲ್ಲಿ ಅವಳೂ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದಳು. ವಿಮಾನದ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದಳು. ಮೇಲೆ ಸಂಗ್ರಹಾಲಯ ನೋಡಲು ಬಂದ ದಂಪತಿ ಕಾಕ್‌ಪಿಟ್‌ನೊಳಗೆ ಇಣುಕುತ್ತಿದ್ದರು. ಸಾಲು ಮಾಪಕಗಳ ನಡುವೆ ಒಂದು ತೂತು, ಅದಕ್ಕೆ ಕಟ್ಟಿದ ಕೆಂಪು ಪಟ್ಟಿಯ ಮೇಲೆ ಅವನ ಗುಂಡು ಅಕ್ಷರ.

ಹೆಂಗಸು ಹೆಸರನ್ನು ಜೋರಾಗಿ ಓದಿದಳು. "ಪಾಪ, ಇದನ್ನ ಹಾರಿಸ್ತಿದ್ದೋರು ಇರಬೇಕು ಕಣ್ರೀ."

ಗಂಡಸು ಟೋಪಿ ತೆಗೆದ.

ಬಲ್ಬು ಹಾಕಲು ಸ್ಟೂಲು ಹತ್ತಿದರೂ ಕಾಲು ನಡುಗುತ್ತಿದ್ದ ಮನುಷ್ಯ ಅವನು. ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ತೂತನ್ನು ನೋಡಿ, ಇನ್ನೂ ಹೀಗೇ ಬಿಟ್ಟಿದ್ದೀರಾ ಎಂದು ಸಿಡುಕುತ್ತಿದ್ದ.

"ಹಾರಿಸ್ತಿದ್ದೋರಲ್ಲ," ಎಂದಳು. "ರಿಪೇರಿ ಮಾಡ್ತಿದ್ದೋರು."

ಕೆಳಗೆ ನೋಡಿ ಮೇಲ್ವಿಚಾರಕರನ್ನು ಸ್ಕ್ರೂಡ್ರೈವರ್ ಕೇಳಿದಳು. ಅವರೇ ಹತ್ತಿ ಬಂದು ಮಾಪಕದ ಹಿಂಬದಿಗೆ ಗಾಳಿಯ ಕೊಳವೆ ಸಿಕ್ಕಿಸಿಕೊಟ್ಟರು. ಪಟ್ಟಿ ಬಿಚ್ಚಿ ಅವರ ಕೈಗಿಟ್ಟು, ಮಾಪಕವನ್ನು ಕೂರಿಸಿ, ಸ್ಕ್ರೂಗಳನ್ನು ಅವಳೇ ಬಿಗಿದಳು. ಒಂದೂ ಮಿಗಲಿಲ್ಲ.

ಬೆರಳಿನಿಂದ ಗಾಜು ತಟ್ಟಿದಳು. ಮನೆಯ ಎತ್ತರದಲ್ಲಿ ನಿಂತಿದ್ದ ಮುಳ್ಳು ಕೊಂಚ ಕೆಳಗಿಳಿದು ನಿಂತಿತು.